ಕಾರಿಲ್ಲದ ಮಾವನಿಗೂ ಒಂದು ಬ್ಯಾಡ್ಜ್

ನಾನು ಗ್ರಾಫಿಕ್ ಡಿಸೈನರ್. ಲೋಗೋ ಮಾಡೋದು ದಿನನಿತ್ಯದ ಕೆಲಸ. ಆದ್ರೆ ತುಮಕೂರಿನ ನಮ್ಮ ಹಳೇ ಕಾರು ಗೆಳೆಯರು ‘ಗುಂಪಿಗೊಂದು ಗ್ರಿಲ್ ಬ್ಯಾಡ್ಜ್ ಮಾಡ್ಕೊಡು’ ಅಂದಾಗ ತಲೆ ಕೆಟ್ಟುಹೋಯ್ತು.

ನಾವು ಹನ್ನೆರಡು ಜನ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ಹೆಚ್ಚು. ನಂದು ಅಪ್ಪ ಬಿಟ್ಟುಹೋದ ಪದ್ಮಿನಿ. ತಿಂಗಳಿಗೊಂದು ಭಾನುವಾರ ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತುತ್ತೇವೆ.

ಗ್ರಿಲ್ ಬ್ಯಾಡ್ಜ್ ಅಂದ್ರೆ ಕಾರಿನ ಮುಂದಿನ ಜಾಲರಿಗೆ ಹಾಕುವ ಲೋಹದ ಬಿಲ್ಲೆ. 1905ರಲ್ಲಿ ಶುರುವಾದ ಇಂಗ್ಲೆಂಡಿನ ಆಟೊಮೊಬೈಲ್ ಅಸೋಸಿಯೇಷನ್‌ನ ಗಸ್ತಿನವರು, ತಮ್ಮ ಬ್ಯಾಡ್ಜ್ ಇದ್ದ ಕಾರು ಕಂಡ್ರೆ ಸಲ್ಯೂಟ್ ಹೊಡೀತಿದ್ರು. ಸಲ್ಯೂಟ್ ಇಲ್ಲ ಅಂದ್ರೆ, ಮುಂದೆ ವೇಗ ಹಿಡಿಯೋಕೆ ಪೊಲೀಸರು ಕೂತಿದ್ದಾರೆ ಅಂತ ಸೂಚನೆ!

ನಮ್ಮವರ ಪಟ್ಟಿ ಉದ್ದ ಇತ್ತು: ಬೆಟ್ಟ, ಯೋಗನರಸಿಂಹನ ಗುಡಿ, ಚಿಲುಮೆ, ಜಿಂಕೆ, ಕಾರು. ಎಲ್ಲವನ್ನೂ 80 ಮಿಲಿಮೀಟರ್ ವೃತ್ತಕ್ಕೆ ತುರುಕಿ, ಪ್ರಿಂಟ್ ತೆಗೆದು ಗ್ರಿಲ್‌ಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದೆ. ದೋಸೆ ಮೇಲೆ ಪಲ್ಯ ಚೆಲ್ಲಿದ ಹಾಗಿತ್ತು. ಕೊನೆಗೆ ಉಳಿದದ್ದು ಬೆಟ್ಟದ ಗೆರೆ, ರಸ್ತೆಯ ತಿರುವು, ಊರಿನ ಹೆಸರು. ಬಣ್ಣ ಮೂರೇ.

ಹಿತ್ತಾಳೆಗೆ ಅಚ್ಚು ಒತ್ತಿ, ತಗ್ಗಿನಲ್ಲಿ ಎನಾಮಲ್ ಬಣ್ಣ ತುಂಬ್ತಾರೆ. ಬಣ್ಣ ಬೆರೆಯದ ಹಾಗೆ ನಡುವೆ ಲೋಹದ ಸಣ್ಣ ಗೋಡೆ ಬೇಕು. ಮೊದಲ ಸ್ಯಾಂಪಲ್‌ನಲ್ಲಿ ‘ದುರ್ಗ’ದ ಅರ್ಕಾವೊತ್ತಿನ ಒಳಗೂ ಬಣ್ಣ ಹೋಗಿ ಮುಚ್ಚಿಕೊಂಡಿತ್ತು, ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಮತ್ತೆ ಬರೆದೆ. ಗ್ರಿಲ್‌ಗೆ ತೂತು ಕೊರೆಯೋದು ಬೇಡ ಅಂತ ಹಿಂದೆ ಪಟ್ಟಿ, ಬೋಲ್ಟು, ರಬ್ಬರ್ ವಾಷರ್ ಇಟ್ವಿ. ರೇಡಿಯೇಟರ್‌ಗೆ ಗಾಳಿ ತಪ್ಪಬಾರದು ಅಂತ ಜಾಗ ಒಂದು ಪಕ್ಕಕ್ಕೆ. ಬೆಟ್ಟ ಹತ್ತುವಾಗ ಹಳೇ ಎಂಜಿನ್‌ಗೆ ಮೊದಲೇ ಜ್ವರ.

ಜಗಳ ಬಂದಿದ್ದು ಎಷ್ಟು ಮಾಡಿಸೋದು ಅನ್ನೋದಕ್ಕೆ. ಅಪ್ಪನ ಗೆಳೆಯರೊಬ್ಬರು ನಮ್ಮೆಲ್ಲರಿಗೂ ಮಾವ. ಅತ್ತೆಯ ಚಿಕಿತ್ಸೆಗೆ ಅಂತ ತಮ್ಮ ಅಂಬಾಸಿಡರ್ ಮಾರಿದ್ರು. ಈಗ ನನ್ನ ಕಾರಲ್ಲೇ ಬರ್ತಾರೆ.

“ಕಾರಿಲ್ಲದವರಿಗೆ ಗ್ರಿಲ್ ಬ್ಯಾಡ್ಜ್ ಯಾಕೆ? ಹನ್ನೊಂದು ಸಾಕು” ಅಂದ ಒಬ್ಬ.

ಅಪ್ಪ ಹೋದ ಮೇಲೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯೋದು ಕಲಿಸಿದ್ದು ಅದೇ ಮಾವ. “ಅವರಿಗಿಲ್ಲ ಅಂದ್ರೆ ನನಗೂ ಬೇಡ” ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಹನ್ನೆರಡಕ್ಕೇ ಆರ್ಡರ್ ಹೋಯ್ತು.

ಬೆಟ್ಟದ ಮೇಲೆ ಎಲ್ಲರಿಗೂ ಹಂಚಿದೆವು. ಮಾವ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಗ್ರಿಲ್ಲೇ ಇಲ್ವಲ್ಲ ಮಗಾ, ಎಲ್ಲಿ ಹಾಕ್ಲಿ?” ಅಂತ ನಕ್ಕರು. ನಂಗೆ ಉತ್ತರ ಹೊಳೀಲಿಲ್ಲ.

ಎರಡು ವಾರ ಬಿಟ್ಟು ಅವರ ಮನೆಗೆ ಹೋದೆ. ಅಂಬಾಸಿಡರ್ ನಿಲ್ಲುತ್ತಿದ್ದ ಜಾಗಕ್ಕೆ ಎದುರಾಗಿ, ಹಾಲಿನ ಕಿಟಕಿಯ ಕಂಬಿಗೆ ಬ್ಯಾಡ್ಜ್ ಬೋಲ್ಟ್ ಆಗಿತ್ತು.

“ಇದೂ ಗ್ರಿಲ್ಲೇ ಅಲ್ವೇನೋ?” ಅಂದ್ರು ಮಾವ, ಕಾಫಿ ಲೋಟ ಕೈಗಿಡುತ್ತಾ.