ತುಕ್ಕಿನ ರಸಾಯನ ಮತ್ತು 1959ರ ಕ್ಯಾಡಿಲಾಕ್

ಅಮೆರಿಕದ ಐಷಾರಾಮಿ ಕಾರುಗಳಲ್ಲಿ 1959ರ ಕ್ಯಾಡಿಲಾಕ್‌ನಷ್ಟು ಸುಲಭವಾಗಿ ಗುರುತು ಸಿಗುವ ಕಾರು ಇನ್ನೊಂದಿಲ್ಲ. ಸುಮಾರು ಐದೂಮುಕ್ಕಾಲು ಮೀಟರ್ ಉದ್ದ, ಎರಡು ಟನ್ನಿಗೂ ಮೀರಿದ ತೂಕ, 6.4 ಲೀಟರ್ ಸಾಮರ್ಥ್ಯದ ವಿ-8 ಎಂಜಿನ್, ಹಿಂಬದಿಯಲ್ಲಿ ಎತ್ತರಕ್ಕೆ ಎದ್ದು ನಿಂತ ಎರಡು ರೆಕ್ಕೆಗಳು, ಅವುಗಳಲ್ಲಿ ಬುಲೆಟ್ ಆಕಾರದ ಜೋಡಿ ಕೆಂಪು ದೀಪಗಳು. 1948ರಲ್ಲಿ ಯುದ್ಧವಿಮಾನವೊಂದರ ಬಾಲದಿಂದ ಸ್ಫೂರ್ತಿ ಪಡೆದು ಈ ಕಂಪನಿಯ ಕಾರುಗಳಿಗೆ ಬಂದ ರೆಕ್ಕೆ, ಹನ್ನೊಂದು ವರ್ಷಗಳಲ್ಲಿ ತನ್ನ ಗರಿಷ್ಠ ಎತ್ತರ ಮುಟ್ಟಿತ್ತು. ಹಾಗೆ ತಯಾರಾಗಿ ಈವರೆಗೆ ಉಳಿದುಕೊಂಡ ಕಾರುಗಳು ಅಮೆರಿಕದ ಹಲವು ಮನೆಗಳ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ಬಿಡಿಭಾಗಗಳಾಗಿ ಹರಡಿಕೊಂಡಿರುತ್ತವೆ. ರಜೆಯ ದಿನಗಳಲ್ಲಿ, ಸಂಜೆಯ ಬಿಡುವಿನಲ್ಲಿ ಅವುಗಳ ಜೀರ್ಣೋದ್ಧಾರ ನಡೆಯುತ್ತದೆ. ಅಲ್ಲಿ ಸ್ಪ್ಯಾನರಿಗಿಂತ ಹೆಚ್ಚು ದುಡಿಯುವುದು ರಸಾಯನ ವಿಜ್ಞಾನ.

ಮೊದಲ ಎದುರಾಳಿ ತುಕ್ಕು. ಉಕ್ಕಿನ ಮೇಲ್ಮೈ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಅದರ ಮೇಲೆ ನೀರಿನ ತೆಳುಪದರ ನಿಂತರೆ ಕೆಲವು ಬಿಂದುಗಳಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ನೀರಿಗಿಳಿಯುತ್ತವೆ. ಬೇರೆ ಬಿಂದುಗಳಲ್ಲಿ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಪಡೆದುಕೊಳ್ಳುತ್ತದೆ. ಅಂದರೆ ಬಾಗಿಲಿನ ತಳದಲ್ಲಿ, ಮಡಗಾರ್ಡಿನ ಒಳಮಡಿಕೆಯಲ್ಲಿ ಅಸಂಖ್ಯ ಪುಟ್ಟ ವಿದ್ಯುತ್‌ಕೋಶಗಳು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಆ ನೀರನ್ನು ಇನ್ನೂ ಉತ್ತಮ ವಿದ್ಯುದ್ವಾಹಕವನ್ನಾಗಿ ಮಾಡುತ್ತದೆ. ಮಿಷಿಗನ್‌ನಂಥ ಉತ್ತರದ ರಾಜ್ಯದಲ್ಲಿ ಓಡಾಡಿದ ಕಾರಿಗಿಂತ ಅರಿಝೋನಾದ ಒಣ ಮರುಭೂಮಿಯಲ್ಲಿ ಬಿಸಿಲಿಗೆ ಬಣ್ಣಗೆಟ್ಟ ಕಾರಿಗೆ ಹೆಚ್ಚು ಬೇಡಿಕೆ ಇರುವುದು ಈ ಕಾರಣದಿಂದ. ಅಲ್ಯುಮಿನಿಯಂ ಮೇಲೆ ಮೂಡುವ ಆಕ್ಸೈಡ್ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ರಂಧ್ರಮಯ, ತೇವವನ್ನು ಹಿಡಿದಿಡುತ್ತದೆ, ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಬಣ್ಣವು ಗುಳ್ಳೆಯಾಗಿ ಏಳುವುದೂ, ಜೋಡಿಸಿದ ತಗಡುಗಳು ಒಂದರಿಂದೊಂದು ದೂರ ಸರಿಯುವುದೂ ಆ ಒತ್ತಡದಿಂದಲೇ.

ಈ ಕ್ರಿಯೆಯನ್ನು ಭಾಗಶಃ ಹಿಂದಕ್ಕೆ ತಿರುಗಿಸಬಹುದು ಎಂಬುದು ಮನೆಯ ಗ್ಯಾರೇಜಿನಲ್ಲಿ ಕಣ್ಣಾರೆ ಕಾಣಸಿಗುವ ವಿಸ್ಮಯ. ಪ್ಲಾಸ್ಟಿಕ್ ತೊಟ್ಟಿಯೊಂದರಲ್ಲಿ ನೀರು ತುಂಬಿ ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ ಕೆಲಸಕ್ಕೆ ಬಾರದ ಕಬ್ಬಿಣದ ತಗಡನ್ನು ಧನ ತುದಿಗೂ ಜೋಡಿಸಿದರೆ ವಿದ್ಯುದ್ವಿಭಜನೆ ಆರಂಭವಾಗುತ್ತದೆ. ತುಕ್ಕಿನ ಮೈಮೇಲೆ ಜಲಜನಕದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಮರುದಿನ ಹೊರತೆಗೆದಾಗ ಕೆಂಪು ತುಕ್ಕಿನ ಬದಲು ಸಡಿಲವಾದ ಕಪ್ಪು ಪುಡಿ ಅಂಟಿಕೊಂಡಿರುತ್ತದೆ. ಬ್ರಷ್‌ನಲ್ಲಿ ಉಜ್ಜಿದರೆ ಅದು ಕಳಚಿ, ಅಡಿಯಲ್ಲಿ ಬೂದು ಬಣ್ಣದ ಲೋಹ ಕಾಣುತ್ತದೆ. ಮರಳುಗಾಳಿ ಹಾಯಿಸಿ ಉಜ್ಜುವ ಯಂತ್ರ ಒಳ್ಳೆಯ ಲೋಹವನ್ನೂ ಸವೆಸುತ್ತದೆ, ಈ ವಿಧಾನ ಸವೆಸುವುದಿಲ್ಲ. ಆದರೆ ತುಕ್ಕು ತಿಂದು ಹಾಕಿದ ಲೋಹವನ್ನು ಇದು ಮರಳಿಸಲಾರದು. ತೂತು ಬಿದ್ದ ಕಡೆ ಹೊಸ ತಗಡನ್ನು ಕತ್ತರಿಸಿ ವೆಲ್ಡ್ ಮಾಡಲೇಬೇಕು. ಜಲಜನಕ ಸ್ಫೋಟಕ ಅನಿಲವಾದ್ದರಿಂದ ಈ ಕೆಲಸಕ್ಕೆ ಗಾಳಿಯಾಡುವ ಜಾಗ ಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟುವಂತಿಲ್ಲ, ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರುತ್ತದೆ. ಶುದ್ಧವಾದ ಉಕ್ಕು ಗಾಳಿಗೆ ಎಷ್ಟು ಬೇಗ ಸೋಲುತ್ತದೆಂದರೆ ತೊಳೆದು ಒಣಗಿಸಿದ ಸ್ವಲ್ಪ ಹೊತ್ತಿಗೇ ಮತ್ತೆ ಕಂದು ಛಾಯೆ ಮೂಡತೊಡಗುತ್ತದೆ. ಹಾಗಾಗಿ ಅಂದೇ ಪ್ರೈಮರ್ ಹಚ್ಚುವುದು ರೂಢಿ.

ಬಣ್ಣದ ವಿಷಯಕ್ಕೆ ಬಂದರೆ ಆ ಕಾಲದ ಲ್ಯಾಕರ್ ದ್ರಾವಕ ಆವಿಯಾಗುವುದರಿಂದಷ್ಟೇ ಒಣಗುತ್ತಿತ್ತು. ಹಲವು ಪದರ ಬಳಿದು ಉಜ್ಜಿ ಹೊಳಪು ಬರಿಸುತ್ತಿದ್ದರು. ಇಂದಿನ ಎರಡು ಭಾಗಗಳ ಬಣ್ಣ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ, ಹೆಚ್ಚು ಬಾಳುತ್ತದೆ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಬಟ್ಟೆಯ ಮಾಸ್ಕ್ ನಂಬಿ ಗ್ಯಾರೇಜಿನಲ್ಲಿ ಸಿಂಪಡಿಸುವುದು ಸಲ್ಲದು.

ಕ್ಯಾಡಿಲಾಕ್‌ನ ವೈಭವವೆಲ್ಲ ಅದರ ಕ್ರೋಮ್‌ನಲ್ಲಿದೆ. ಆ ಹೊಳಪಿನ ಪದರ ಬಹಳ ತೆಳು, ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ಕಡಿಮೆ. ಬಂಪರಿನ ಉಕ್ಕನ್ನು ನಿಜವಾಗಿ ಕಾಯುವುದು ಅದರಡಿಯ ನಿಕ್ಕಲ್. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಸಣ್ಣ ಅಲಂಕಾರಗಳ ಕಥೆ ಬೇರೆ. ಕ್ರೋಮ್‌ನ ಸೂಕ್ಷ್ಮ ಬಿರುಕಿನಿಂದ ತೇವ ಇಳಿದರೆ ಒಳಗಿನ ಸತುವೇ ಕೊರೆದುಹೋಗಿ ಮೇಲೆ ಬೊಕ್ಕೆಗಳೇಳುತ್ತವೆ. ಅವನ್ನು ಸರಿಪಡಿಸಲು ಲೇಪ ಕಳಚಿ, ಕುಳಿಗಳನ್ನು ತುಂಬಿ, ತಾಮ್ರ ಕೂರಿಸಿ, ನಯಗೊಳಿಸಿ, ಆಮೇಲೆ ನಿಕ್ಕಲ್ ಮತ್ತು ಕ್ರೋಮ್ ಕೊಡಬೇಕು. ಕ್ರೋಮ್ ಲೇಪನಕ್ಕೆ ಆಗ ಬಳಸುತ್ತಿದ್ದ ಷಡ್ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆದಕಾರಣ ಉಳಿದ ಎಷ್ಟೋ ಕೆಲಸ ಮನೆಯಲ್ಲೇ ಆದರೂ ಇದು ಮಾತ್ರ ಕಾರ್ಖಾನೆಗೇ ಹೋಗುತ್ತದೆ.

ಎಂಜಿನ್ ಇಂದಿಗೂ ಓಡಬಲ್ಲದು, ಆದರೆ ಅದು ಕುಡಿದು ಬೆಳೆದ ಪೆಟ್ರೋಲ್ ಈಗಿಲ್ಲ. ಆ ಪೆಟ್ರೋಲಿನಲ್ಲಿದ್ದ ಸೀಸವು ಕವಾಟದ ಪೀಠಗಳ ಮೇಲೆ ತೆಳುವಾಗಿ ಕೂತು ಸವೆತ ತಡೆಯುತ್ತಿತ್ತು. ಮನುಷ್ಯರ ಆರೋಗ್ಯಕ್ಕೆ ಅದು ಮಾಡುತ್ತಿದ್ದ ಹಾನಿಯಿಂದಾಗಿ ಅಮೆರಿಕದಲ್ಲಿ 1996ರಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ನಿಷೇಧವಾಗಿದೆ. ಎಂಜಿನ್ ಬಿಚ್ಚಿದಾಗಲೇ ಗಟ್ಟಿ ಲೋಹದ ಪೀಠಗಳನ್ನು ಕೂರಿಸಿಕೊಳ್ಳುವವರು ಹಲವರು.

ಇಷ್ಟೆಲ್ಲ ಆದ ಮೇಲೂ ಕಣ್ಣಿಗೆ ಬೀಳದ ಒಂದು ಅಂಗ ಉಳಿಯುತ್ತದೆ. ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಕೊಳವೆಗಳನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. 1959ರ ಕ್ಯಾಡಿಲಾಕ್‌ನಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಇದ್ದದ್ದು ಒಂದೇ ದ್ರವಮಾರ್ಗ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕಿಳಿಯುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮಾರ್ಗಗಳ ವ್ಯವಸ್ಥೆಯನ್ನು ಕಂಪನಿ ಅಳವಡಿಸಿದ್ದು 1962ರಲ್ಲಿ. ರೆಕ್ಕೆಗಳ ಬಣ್ಣ ಎಷ್ಟೇ ಮಿಂಚಲಿ, ಬ್ರೇಕಿನ ಕೊಳವೆ, ಸಿಲಿಂಡರು, ರಬ್ಬರುಗಳನ್ನೆಲ್ಲ ಬದಲಿಸುವ ತನಕ ಈ ಕಾರು ರಸ್ತೆಗಿಳಿಯಲು ಯೋಗ್ಯವಲ್ಲ.