ಮೀನುಮರಿಗಳಿಗೆ ಯಾವ ಎಣ್ಣೆ?

ಮೀನು ಮತ್ತು ಎಣ್ಣೆ ಎಂದೊಡನೆ ಬಾಣಲೆ ನೆನಪಾಗುವುದು ಸಹಜ. ನಾವು ಈಗ ವಿಚಾರಿಸಹೊರಟಿರುವುದಾದರೋ ಬದುಕಿರುವ ಮೀನಿಗೆ, ಅದರಲ್ಲಿಯೂ ಬೆರಳುದ್ದಕ್ಕೆ ಬೆಳೆಯದ ಮರಿಗೆ, ಉಣಿಸತಕ್ಕ ಎಣ್ಣೆಯ ಸಂಗತಿ. ಕೋರಮಂಡಲ್, ಮಾರಿಕುಪ್ಪಗಳನ್ನೊಳಗೊಂಡ ಚಿನ್ನದ ಗಣಿಪ್ರದೇಶದಲ್ಲಿ 2001ರಲ್ಲಿ ಕೆಲಸ ನಿಂತುಹೋಯಿತು. ಅಲ್ಲಿಯೋ ಬಂಗಾರಪೇಟೆಯ ಸುತ್ತಿನಲ್ಲಿಯೋ ಒಬ್ಬನು ಕೈಯಲ್ಲಿರುವ ಅಲ್ಪ ಹಣದಿಂದ ಸಿಮೆಂಟು ತೊಟ್ಟಿ ಕಟ್ಟಿಸಿ ಗೆಂಡೆಯ ಮರಿಗಳನ್ನು ಸಾಕಹೊರಟನೆನ್ನಿ. ಮೇವಿನ ಆಯ್ಕೆ ತಪ್ಪಿದರೆ ಅವನ ಬಂಡವಾಳ ಅಕ್ಷರಶಃ ನೀರುಪಾಲಾಗುತ್ತದೆ.

ಮಾಗಿಯ ಬೆಳಗಿನಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಮೀನು ಶೀತರಕ್ತದ ಪ್ರಾಣಿ. ನೀರಿನ ಶೀತವೇ ಅದರ ಮೈಯ ಶೀತ. ಆದುದರಿಂದ ತಣ್ಣೀರಿನಲ್ಲಿಯೂ ಗಟ್ಟಿಯಾಗದ ಕೊಬ್ಬೇ ಅದಕ್ಕೆ ಬೇಕು. ಇಂಥ ಕೊಬ್ಬಿನಲ್ಲಿ ಲಿನೋಲಿಕ್, ಲಿನೋಲೆನಿಕ್ ಎಂಬ ಎರಡು ಆಮ್ಲಗಳಿವೆ. ಹೆಸರು ಅವಳಿಗಳಂತಿದ್ದರೂ ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು; ಮೀನು ತನ್ನ ಮೈಯಲ್ಲಿ ಎರಡನ್ನೂ ತಯಾರಿಸಲಾರದು. ಸಾಮಾನ್ಯ ಗೆಂಡೆಯ ಮರಿಗೆ ಆಹಾರದ ನೂರು ಪಾಲಿನಲ್ಲಿ ಒಂದೊಂದು ಸುಮಾರು 1 ಪಾಲು ಇರಬೇಕೆಂದು ಪ್ರಯೋಗಗಳಿಂದ ಗೊತ್ತಾಗಿದೆ.

ನಮ್ಮ ಸೀಮೆಯಲ್ಲಿ ರೂಢಿಯಾದ ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿಯ ತೌಡು, ಸಮಸಮ. ಗಾಣದ ಹಿಂಡಿಯಲ್ಲಿ ನೂರಕ್ಕೆ ಏಳೆಂಟು ಪಾಲು ಎಣ್ಣೆ ಉಳಿದಿರುತ್ತದೆ. ಕಾರ್ಖಾನೆಯಲ್ಲಿ ದ್ರಾವಕದಿಂದ ತೆಗೆದ ಹಿಂಡಿಯಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಗಾಣದ ಹಿಂಡಿಯೇ ಆದರೂ, ಈ ಮೇವಿನಲ್ಲಿ ಲಿನೋಲಿಕ್ ಧಾರಾಳ, ಲಿನೋಲೆನಿಕ್ ಬಹು ಸ್ವಲ್ಪ. ಗೊಬ್ಬರ ಹಾಕಿ ಹಸುರೇರಿದ ಹೊಂಡದಲ್ಲಿ ಈ ಕೊರತೆ ಅಷ್ಟಾಗಿ ಕಾಣದು, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳೇ ಅದನ್ನು ತುಂಬುತ್ತವೆ. ಸಾವಿರಾರು ಮರಿಗಳು ಕಿಕ್ಕಿರಿದ ತೊಟ್ಟಿಯಲ್ಲಿ ಆ ಸೌಕರ್ಯವಿಲ್ಲ.

ಹಾಗಾದರೆ ಮೀನಿಗೆ ಮೀನೆಣ್ಣೆಯನ್ನೇ ಕೊಳ್ಳಬೇಕೆ? ಕಡಲಿನ ಅನೇಕ ಮೀನುಗಳ ಮರಿಗಳಿಗೆ ಅದು ಅನಿವಾರ್ಯ. ಗೆಂಡೆಯಾದರೆ ಲಿನೋಲೆನಿಕ್ ದೊರೆತರೆ ಸಾಕು, ಮುಂದಿನ ಆಮ್ಲಗಳನ್ನು ತಾನೇ ಕಟ್ಟಿಕೊಳ್ಳಬಲ್ಲುದು. ದುಬಾರಿ ಸೀಸೆಗಳಿಗೆ ಹಣ ಸುರಿಯುವುದು ನಮಗೆ ಸರಿತೋರುವುದಿಲ್ಲ. ಅಗಸೆ ಎಣ್ಣೆಯ ಅರ್ಧ ಪಾಲು ಲಿನೋಲೆನಿಕ್ಕೇ ಆಗಿದೆ. 100 ಗ್ರಾಂ ಮೇವಿಗೆ 2 ಗ್ರಾಂ ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ.

ಇದಕ್ಕಿಂತ ಹತ್ತಿರದ ವಸ್ತುವೊಂದು ಕೋಲಾರದ ಸೀಮೆಯಲ್ಲಿಯೇ ಉಂಟು: ರೇಷ್ಮೆಗೂಡಿನ ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳು. ಅದರ ನಾತಕ್ಕೆ ಮೂಗು ಮುಚ್ಚದವರಿಲ್ಲ. ಆದರೆ ಒಣಗಿದ ಹುಳುವಿನಲ್ಲಿ ನೂರಕ್ಕೆ ಸುಮಾರು 25ರಿಂದ 30 ಪಾಲು ಕೊಬ್ಬು; ಆ ಕೊಬ್ಬಿನಲ್ಲಿ ಕಾಲು ಭಾಗಕ್ಕೆ ಕಡಮೆಯಿಲ್ಲದೆ ಲಿನೋಲೆನಿಕ್. ಮೇವಿನಲ್ಲಿ ಆರೇಳರಲ್ಲೊಂದು ಪಾಲು ಹುಳುವಿನ ಪುಡಿಯಿದ್ದರೆ ಮರಿಯ ಕೊರತೆ ನೀಗುವುದು. ಎಂ. ಸಿ. ನಂದೀಶರೂ ಸಂಗಡಿಗರೂ ಈ ಹುಳುವಿನ ಎಣ್ಣೆಯನ್ನು ಬೂತಾಯಿ ಎಣ್ಣೆಯೊಡನೆ ಗೆಂಡೆಯ ಆಹಾರದಲ್ಲಿ ಪರೀಕ್ಷಿಸಿ 1999ರಲ್ಲಿ ವರದಿಮಾಡಿದ್ದಾರೆ.

ಇಲ್ಲಿಯೇ ಅಪಾಯವೂ ಇದೆ. ತಣ್ಣೀರಿನಲ್ಲಿ ಹರಿಯಬಲ್ಲ ಕೊಬ್ಬು ಗಾಳಿ ತಾಗಿದರೆ ಬೇಗ ಕಮಟಾಗುತ್ತದೆ. ಒಂದೇ ಗುಣದ ಎರಡು ಮುಖಗಳು ಇವು. ಜಪಾನಿನ ಮೀನುಸಾಕಣೆಗಾರರು ಹಳಸಿದ ರೇಷ್ಮೆಹುಳುಗಳನ್ನು ಗೆಂಡೆಗಳಿಗೆ ತಿನ್ನಿಸಿದಾಗ ಅವುಗಳ ಬೆನ್ನಿನ ಮಾಂಸ ಕರಗಿ, ಬೆನ್ನು ಕತ್ತಿಯ ಅಲಗಿನಂತಾಯಿತು. ಈ ರೋಗಕ್ಕೆ ಅಲ್ಲಿ ಸೆಕೋಕೆ ಎಂದು ಹೆಸರು. ಇ ಜೀವಸತ್ತ್ವವನ್ನು ಬೆರೆಸಿದಾಗ ರೋಗ ತಡೆಯಿತು. ಆದರೂ ಹಳಸಿದ್ದನ್ನು ಕೊಟ್ಟು ಮದ್ದು ಹುಡುಕುವುದಕ್ಕಿಂತ ಹಳಸದಂತೆ ನೋಡಿಕೊಳ್ಳುವುದೇ ಅಗ್ಗ. ನೂಲು ಬಿಚ್ಚಿದ ದಿನವೇ ಹುಳುವನ್ನು ಒಣಗಿಸಲಾರಂಭಿಸಬೇಕು. ಪುಡಿಯನ್ನು ಕೆಲವು ದಿನಕ್ಕಾಗುವಷ್ಟೇ ಮಾಡಿ, ಬಿಗಿಯಾದ ಡಬ್ಬದಲ್ಲಿ ನೆರಳಿನಲ್ಲಿಡಬೇಕು. ಅಗಸೆ ಎಣ್ಣೆಯನ್ನು ಉಣಿಸುವ ಹೊತ್ತಿಗೆ ಬೆರೆಸುವುದು ಮೇಲು. ತೌಡೂ ಬೇಗ ಕೆಡುವ ವಸ್ತುವೇ. ಗಿರಣಿಯಿಂದ ಹೊಸದಾಗಿ ಬಂದದ್ದನ್ನೇ ಕೇಳಿ ತರಬೇಕು.

ಅಂಗಡಿಯಲ್ಲಿ ಹಿಂಡಿಯ ಹೆಸರನ್ನೂ ವಿಚಾರಿಸಿರಿ. ಹಿಪ್ಪೆಯ ಹಿಂಡಿ ಮೇವಲ್ಲ, ಮೀನಿಗೆ ವಿಷ. ಮರಿ ಬಿಡುವುದಕ್ಕೆ ಮುಂಚೆ ಹೊಂಡದ ಬೇಡದ ಮೀನುಗಳನ್ನು ಕೊಲ್ಲಲು ಅದನ್ನು ಹಾಕುವುದುಂಟು. ಹಾಕಿದ ಮೇಲೆ ಸುಮಾರು ಮೂರು ವಾರ ಕಾದು ಮರಿ ಬಿಡತಕ್ಕದ್ದು.