ಕಲಿಕಾ ನ್ಯೂನತೆ ಮತ್ತು ಖಾಸಗಿ ಶಾಲೆಗಳ ಹೊಣೆ

ಅಂಗವಿಕಲರಿಗೆ ಸಂಬಂಧಿಸಿದ 1995ರ ಕೇಂದ್ರ ಅಧಿನಿಯಮವು ಹೆಸರಿಸಿದ ಏಳು ವಿಕಲತೆಗಳಲ್ಲಿ ಕಲಿಕಾ ನ್ಯೂನತೆಗೆ ಸ್ಥಾನವಿರಲಿಲ್ಲ. ಕಾಗುಣಿತ, ಒತ್ತಕ್ಷರಗಳಲ್ಲಿ ಪದೇಪದೇ ಎಡವುವ ಜಾಣ ಮಗುವೂ ದಡ್ಡನೆಂದೋ ಸೋಮಾರಿಯೆಂದೋ ಕರೆಯಿಸಿಕೊಳ್ಳುತ್ತಿತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಅನುಸೂಚಿಗೆ ಸೇರಿಸಿತು.

ಅದರ 16ನೆಯ ಪ್ರಕರಣವು ಸರ್ಕಾರದ ಅನುದಾನ ಪಡೆದ ಸಂಸ್ಥೆಗಳೊಡನೆ ಮಾನ್ಯತೆ ಪಡೆದ ಸಂಸ್ಥೆಗಳನ್ನೂ ಒಳಗೊಳ್ಳುತ್ತದೆ. ಆದುದರಿಂದ ಅನುದಾನರಹಿತ ಖಾಸಗಿ ಶಾಲೆಯ ಹೊಣೆಗೆ ಅದರ ಮಾನ್ಯತೆಯೇ ಮೂಲ. ತಾರತಮ್ಯವಿಲ್ಲದ ಪ್ರವೇಶ, ಕಲಿಕಾ ನ್ಯೂನತೆಯ ಶೀಘ್ರ ಪತ್ತೆ, ತಕ್ಕ ಬೋಧನಕ್ರಮ ಇವು ಆ ಪ್ರಕರಣದ ಆಶಯಗಳು. ಓದುಬರಹದ ತೊಡಕನ್ನು ದಿನವೂ ಕಾಣುವವರು ತರಗತಿಯ ಶಿಕ್ಷಕರಾದುದರಿಂದ ಪತ್ತೆಯ ಮೊದಲ ಹೆಜ್ಜೆ ಶಾಲೆಯಲ್ಲಿಯೇ ಆಗಬೇಕು. ಇಂತಹ ಮಗುವಿನ ಪೋಷಕರಿಗೆ ವರ್ಗಾವಣೆ ಪತ್ರ ನೀಡಿ ಶೇಕಡಾ 100 ಫಲಿತಾಂಶವನ್ನು ಕಾಯ್ದುಕೊಳ್ಳುವ ಶಾಲೆಯು ತನ್ನ ಮಾನ್ಯತೆಯ ಅರ್ಥವನ್ನೇ ಮರೆತಂತೆ.